ಭಾನುವಾರ ಹಿಡಿದವರು

ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ತರಗತಿಗೆ ಬಂದೊಡನೆ ಕರಿಹಲಗೆಯ ಎಡಮೂಲೆಯಲ್ಲಿ ಒಂದು ಇಂಗ್ಲಿಷ್ ಪದ ಬರೆದು ಅದರ ಸುತ್ತ ಚೌಕ ಎಳೆಯುವುದು ನನ್ನ ರೂಢಿಯಾಗಿತ್ತು. ದಿನಕ್ಕೊಂದು ಪದ. ಗಂಟೆ ಬಾರಿಸುವವರೆಗೆ ಅದನ್ನು ಯಾರೂ ಅಳಿಸಕೂಡದು. ಈಗ ಕರಿಹಲಗೆಯೂ ಇಲ್ಲ, ಸೀಮೆಸುಣ್ಣವೂ ಇಲ್ಲ. ಆದರೂ ಒಂದು ಪದವನ್ನು ಈ ಪುಟದ ಮೂಲೆಯಲ್ಲಿ ಬರೆದಿಡುತ್ತೇನೆ: ಕಿರ್ಕ್-ಕೀಪರ್. ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದರೂ ಈ ಪದ ನನಗೆ ತಿಳಿದಿರಲಿಲ್ಲ. ನಿವೃತ್ತನಾಗಿ ಏಳು ವರ್ಷಗಳಾದ ಮೇಲೆ, 2012ರ ಬೇಸಿಗೆಯಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ, ಒಬ್ಬ ಮುದುಕಿಯ ಬಾಯಿಂದ ಅದನ್ನು ಕೇಳಿದೆ.

ನನ್ನ ಮಗಳು ಆಗ ಅಬರ್ಡೀನಿನಲ್ಲಿ ಕೆಲಸದಲ್ಲಿದ್ದಳು. ಊರೆಲ್ಲ ಬೂದುಬಣ್ಣದ ಗ್ರಾನೈಟ್ ಕಲ್ಲಿನ ಮನೆಗಳು. ಮಳೆ ನಿಂತು ಬಿಸಿಲು ಬಿದ್ದರೆ ಗೋಡೆಗಳೇ ಅಭ್ರಕದಂತೆ ಮಿನುಗುತ್ತವೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ವಿಧವೆಯೊಬ್ಬರಿದ್ದರು. ಬೇಲಿಯ ಆಚೆಯಿಂದ ಅವರು ಮೊದಲ ದಿನ ನನ್ನನ್ನು "ಫಿಟ್ ಲೈಕ್?" ಎಂದು ಮಾತನಾಡಿಸಿದಾಗ ನಾನು ತಬ್ಬಿಬ್ಬಾದೆ. "ಅಪ್ಪ, ಅದು 'ಹೇಗಿದ್ದೀರಿ' ಅಂತ. ಇಲ್ಲಿಯವರು ಕೆಲವು ಪದಗಳಲ್ಲಿ 'ವ'ಕಾರವನ್ನು 'ಫ' ಮಾಡುತ್ತಾರೆ" ಎಂದು ಮಗಳು ನಕ್ಕಳು. ಇಂಗ್ಲಿಷ್ ಮೇಷ್ಟ್ರ ಜಂಬ ಅಲ್ಲಿಯೇ ಇಳಿಯಿತು.

ಆಕೆ ತಮ್ಮ ತಂದೆಯ ಭಾವಚಿತ್ರ ತೋರಿಸುತ್ತ, ಅವರು ದೊಡ್ಡ 'ಕಿರ್ಕ್-ಕೀಪರ್' ಆಗಿದ್ದರೆಂದು ಹೇಳಿದರು. ನಾನು 'ಚರ್ಚಿನ ಕಾವಲುಗಾರ' ಎಂದು ಅರ್ಥ ಮಾಡಿಕೊಂಡೆ. ಎಷ್ಟು ಸಂಬಳವಿತ್ತೆಂದೂ ಕೇಳಿಬಿಟ್ಟೆ. ಆಕೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕಿರ್ಕ್-ಕೀಪರ್ ಎಂದರೆ ಒಂದು ಭಾನುವಾರವನ್ನೂ ತಪ್ಪಿಸದೆ ಆರಾಧನೆಗೆ ಹೋಗುವವನು. ಮಳೆ, ಹಿಮ, ಕರು ಹಾಕುವ ಹಸು, ಯಾವ ನೆಪವೂ ಅವನಿಗಿಲ್ಲ. 'ಕಿರ್ಕ್ ಅನ್ನು ಕೀಪ್ ಮಾಡುವುದು' ಎಂದರೆ ವಾರವಾರವೂ ಆ ನಿಯಮವನ್ನು ಪಾಲಿಸುವುದು. ನಿಘಂಟಿನಲ್ಲಿ 'ಕೀಪ್' ಶಬ್ದಕ್ಕೆ ಇಟ್ಟುಕೊಳ್ಳು, ಕಾಪಾಡು ಎಂದೆಲ್ಲ ಇದೆ. ಆದರೆ ನಮ್ಮ ಮನೆಮಾತಿನಲ್ಲಿ ಅದಕ್ಕೆ ಸರಿಯಾದ ಕ್ರಿಯಾಪದವಿದೆ: ಹಿಡಿಯುವುದು. ವ್ರತ ಹಿಡಿಯುತ್ತೇವೆ, ಶನಿವಾರ ಹಿಡಿಯುತ್ತೇವೆ. ನನ್ನ ತಾಯಿ ಏಕಾದಶಿ ಹಿಡಿದಿದ್ದರು. ಆ ಮುದುಕಿಯ ತಂದೆ ಭಾನುವಾರ ಹಿಡಿದಿದ್ದರು.

ಪದದ ಮೊದಲ ಭಾಗದ ಕಥೆಯೂ ಸ್ವಾರಸ್ಯವಾಗಿದೆ; ಪಾಠ ಹೇಳಿದವನ ಚಪಲ, ಸಹಿಸಿಕೊಳ್ಳಿ. 'ಒಡೆಯನಿಗೆ ಸೇರಿದ್ದು' ಎಂಬರ್ಥದ ಒಂದು ಗ್ರೀಕ್ ಪದದಿಂದ ಜರ್ಮನಿಯ 'ಕಿರ್ಶೆ', ಇಂಗ್ಲೆಂಡಿನ 'ಚರ್ಚ್', ಸ್ಕಾಟರ 'ಕಿರ್ಕ್' ಮೂರೂ ಹುಟ್ಟಿವೆ. ದಕ್ಷಿಣದ ಇಂಗ್ಲಿಷರ ನಾಲಗೆಯಲ್ಲಿ ಕಕಾರ ಮೆತ್ತಗಾಗಿ ಚಕಾರವಾಯಿತು. ಉತ್ತರದವರು, ನಾರ್ವೆ ಕಡೆಯ ಜನರ ಒಡನಾಟದ ಬಲವೂ ಸೇರಿ, ಗಟ್ಟಿ ಕಕಾರವನ್ನೇ ಉಳಿಸಿಕೊಂಡರು. ನಮ್ಮಲ್ಲಿಯೂ ಇದೇ ನಡೆದಿದೆ. ತಮಿಳರಿಗೂ ತೆಲುಗರಿಗೂ 'ಚೆವಿ' ಆದದ್ದು ನಮಗೆ 'ಕಿವಿ'. ತೆಲುಗಿನ 'ಚೆರುವು' ನಮ್ಮ 'ಕೆರೆ'. ಕಕಾರದ ವಿಷಯದಲ್ಲಿ ಸ್ಕಾಟರೂ ಕನ್ನಡಿಗರೂ ಒಂದೇ ಹಟದವರು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ 1860ರ ದಶಕದಲ್ಲಿ ಸ್ಕಾಟರು ಕಟ್ಟಿಸಿದ ಸೇಂಟ್ ಆಂಡ್ರ್ಯೂಸ್ ದೇವಾಲಯವನ್ನು 'ಕಿರ್ಕ್' ಎಂದು ಕರೆಯುವವರಿದ್ದಾರೆ. ಅದರ ಮುಂದೆ ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದರೂ ಹೆಸರಿನ ಗುಟ್ಟನ್ನು ವಿಚಾರಿಸಿರಲಿಲ್ಲ.

ಆ ತಂದೆಯ ಭಾನುವಾರ ಶನಿವಾರ ಸಂಜೆಯೇ ಪ್ರಾರಂಭವಾಗುತ್ತಿತ್ತಂತೆ. ಬಾವಿಯಿಂದ ನೀರು ಸೇದಿ ಒಳಗಿಡಬೇಕು. ಆಲೂಗಡ್ಡೆ ಸುಲಿದಿಡಬೇಕು. ಸಾರು ಕುದಿಸಿಡಬೇಕು. ಮನೆಯ ಅಷ್ಟೂ ಜೋಡು ಬೂಟುಗಳಿಗೆ ಪಾಲಿಶ್ ಹಾಕಿ ಸಾಲಾಗಿ ನಿಲ್ಲಿಸಬೇಕು. ತಂದೆ ರಾತ್ರಿಯೇ ಕ್ಷೌರ ಮಾಡಿಕೊಳ್ಳುತ್ತಿದ್ದರು, ಏಕೆಂದರೆ ಬೆಳಿಗ್ಗೆ ಕತ್ತಿ ಹಿಡಿಯುವುದೂ ಕೆಲಸವೇ. ಭಾನುವಾರ ಹಾಡಿಲ್ಲ, ಆಟವಿಲ್ಲ, ಸಿಳ್ಳೆಯಂತೂ ಇಲ್ಲವೇ ಇಲ್ಲ. ಓದಬಹುದಾದದ್ದು ಬೈಬಲ್, ಜಾನ್ ಬನ್ಯನ್‌ನ 'ಪಿಲ್ಗ್ರಿಮ್ಸ್ ಪ್ರೋಗ್ರೆಸ್', ಮತ್ತು 107 ಪ್ರಶ್ನೋತ್ತರಗಳ ಕಿರುಪುಸ್ತಕ 'ಷಾರ್ಟರ್ ಕ್ಯಾಟಕಿಸಮ್'. ಶಾಲೆಗಳಲ್ಲಿ ಬಳಸುತ್ತಿದ್ದ ಈ ಪುಸ್ತಕದ ಹಿಂಬದಿಯಲ್ಲಿ ಮಗ್ಗಿಯನ್ನೂ ಅಚ್ಚು ಹಾಕುತ್ತಿದ್ದರೆಂದು ಕೇಳಿ ನನಗೆ ಬಹಳ ಸಂತೋಷವಾಯಿತು. ದೇವರು ಒಂದು ಕಡೆ, ಹನ್ನೆರಡೊಂಬತ್ಲೆ ನೂರಾಎಂಟು ಇನ್ನೊಂದು ಕಡೆ.

ಆರಾಧನೆ ಮುಗಿದು ಜನ ಹೊರಗೆ ಚದುರುವುದಕ್ಕೆ 'ಸ್ಕೇಲ್' ಎಂಬ ಸ್ಕಾಟ್ ಪದವಿದೆ. ಕಿರ್ಕ್ 'ಸ್ಕೇಲ್' ಆಗುತ್ತದೆ. ಸಂಜೆ ಗಂಟೆ ಬಾರಿಸಿದ ಮೇಲೆ ಶಾಲೆಯೂ 'ಸ್ಕೇಲ್' ಆಗುತ್ತದೆ. ಎರಡರಿಂದಲೂ ಹುಡುಗರು ಹೊರಬರುವ ವೇಗ ಒಂದೇ ಆಗಿದ್ದೀತು.

ಇಷ್ಟೊಂದು ಬಿಗಿ ಎಲ್ಲಿಂದ ಬಂತು? 1560ರಲ್ಲಿ ಸ್ಕಾಟ್ಲೆಂಡು ರೋಮಿನ ಪೋಪನ ಅಧಿಕಾರವನ್ನು ತಳ್ಳಿಹಾಕಿತು. ಜಾನ್ ನಾಕ್ಸ್ ಮತ್ತು ಅವನ ಸಂಗಡಿಗರು ಹಬ್ಬ, ಜಾತ್ರೆ, ಸಂತರ ಉತ್ಸವಗಳನ್ನೆಲ್ಲ ಬೈಬಲ್ಲಿನಲ್ಲಿ ಆಧಾರವಿಲ್ಲವೆಂದು ತೆಗೆದುಹಾಕಿದರು. ಕ್ರಿಸ್ಮಸ್ಸೂ ಉಳಿಯಲಿಲ್ಲ. ಆ ದೇಶದಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ ಎಂದರೆ ನಂಬುವುದು ಕಷ್ಟ. ವರ್ಷದ ಹಬ್ಬಗಳೆಲ್ಲ ಹೋದ ಮೇಲೆ ಉಳಿದದ್ದು ಐವತ್ತೆರಡು ಭಾನುವಾರಗಳು. ಜನರ ಭಯಭಕ್ತಿಯೆಲ್ಲ ಆ ಒಂದೇ ದಿನದ ಮೇಲೆ ಬಂದು ಕುಳಿತಿತು. 1579ರಲ್ಲಿ ಅಲ್ಲಿನ ಸಂಸತ್ತು ಭಾನುವಾರದ ಸಂತೆ, ಕೆಲಸ, ಜೂಜು, ಕುಡಿತಗಳನ್ನು ನಿಷೇಧಿಸಿತು. ಪ್ರತಿ ಊರಿನಲ್ಲಿಯೂ ಪಾದ್ರಿ ಮತ್ತು ಹಿರಿಯರ ಪಂಚಾಯಿತಿಯೊಂದು ರಚನೆಯಾಯಿತು. ಪ್ರಸಂಗ ನಡೆಯುವಾಗ ಹಿರಿಯರು ಬೀದಿ ಸುತ್ತಿ, ಯಾರು ಮನೆಯಲ್ಲಿ ಉಳಿದಿದ್ದಾರೆಂದು ನೋಡಿ ಬರುತ್ತಿದ್ದರು. ತಪ್ಪಿತಸ್ಥರು ಸಭೆಯ ಎದುರಿಗೆ ಪಶ್ಚಾತ್ತಾಪದ ಪೀಠದಲ್ಲಿ ಕುಳಿತು ಬೈಸಿಕೊಳ್ಳಬೇಕು. ನಮ್ಮ ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಮೂಲಕ ಕನ್ನಡಿಗರಿಗೆ ಪರಿಚಿತನಾದ ಕವಿ ರಾಬರ್ಟ್ ಬರ್ನ್ಸ್ ಕೂಡ 1786ರಲ್ಲಿ, ಮದುವೆಗೆ ಮುಂಚಿನ ಪ್ರೇಮದ ತಪ್ಪಿಗಾಗಿ, ಮಾಕ್ಲಿನ್ ಎಂಬ ಊರಿನ ಸಭೆಯ ಮುಂದೆ ಛೀಮಾರಿ ಕೇಳಬೇಕಾಯಿತು. ಅಂಥ ಹಿರಿಯರೊಬ್ಬರ ಕಪಟವನ್ನು ಆತ ಅದಕ್ಕೆ ಮೊದಲೇ ಒಂದು ಕವಿತೆಯಲ್ಲಿ ಬಯಲಿಗೆಳೆದಿದ್ದ. 'ಹೋಲಿ ವಿಲೀಸ್ ಪ್ರೇಯರ್' ಎಂದು ಅದರ ಹೆಸರು.

ಕಪಟಕ್ಕೆ ಕಾನೂನೇ ದಾರಿ ಮಾಡಿಕೊಟ್ಟ ಪ್ರಸಂಗವೂ ಇದೆ. 1853ರ ಕಾಯಿದೆಯೊಂದು ಭಾನುವಾರ ಹೆಂಡದಂಗಡಿಗಳನ್ನು ಮುಚ್ಚಿಸಿತು. ಆದರೆ ನಿಜವಾದ ಪ್ರಯಾಣಿಕನಿಗೆ ಹೋಟೆಲಿನಲ್ಲಿ ಕುಡಿಯಲು ಅಡ್ಡಿಯಿರಲಿಲ್ಲ. ಪರಿಣಾಮವೇನು? ಈ ಊರಿನವರು ಮೂರು ಮೈಲಿ ನಡೆದು ಆ ಊರಿಗೆ, ಆ ಊರಿನವರು ಈ ಊರಿಗೆ! ಹೋಟೆಲಿನ ಪುಸ್ತಕದಲ್ಲಿ ಪ್ರಯಾಣಿಕರೆಂದು ಹೆಸರು ಬರೆದು ಗಂಟಲು ತೇವ ಮಾಡಿಕೊಂಡು ಹಿಂತಿರುಗುವುದು. ಪಬ್ಬುಗಳಿಗೆ ಭಾನುವಾರ ಬಾಗಿಲು ತೆರೆಯುವ ಅವಕಾಶ ದೊರೆತದ್ದು 1976ರ ಕಾಯಿದೆಯಿಂದ.

ಹಾಗೆಂದು ಎಲ್ಲರೂ ಕಪಟಿಗಳಾಗಿರಲಿಲ್ಲ. 1883ರಲ್ಲಿ ಸ್ಟ್ರೋಮ್‌ಫೆರಿ ಎಂಬ ರೈಲು ನಿಲ್ದಾಣದಲ್ಲಿ, ಭಾನುವಾರ ಮೀನು ತುಂಬಿ ಲಂಡನ್ನಿಗೆ ಕಳುಹಿಸುವುದನ್ನು ಊರ ಬೆಸ್ತರೇ ಬಂದು ತಡೆದರು. ಮೀನು ಹಿಡಿಯುವುದೇ ಅವರ ಹೊಟ್ಟೆಪಾಡು, ಆದರೂ ತಡೆದರು. ಕೆಲವರು ಅದಕ್ಕಾಗಿ ಎಡಿನ್‌ಬರೋ ಸೆರೆಮನೆ ಕಂಡರು. ಅದಕ್ಕೆ ನಾಲ್ಕು ವರ್ಷ ಮೊದಲು, 1879ರ ಡಿಸೆಂಬರ್ 28ರಂದು, ಬಿರುಗಾಳಿಗೆ ಟೇ ನದಿಯ ಸೇತುವೆ ಮುರಿದು ರೈಲು ನೀರುಪಾಲಾಗಿತ್ತು. ಅಂದು ಭಾನುವಾರ. ಭಾನುವಾರ ರೈಲು ಓಡಿಸಿದ್ದಕ್ಕೆ ಇದು ದೇವರ ಶಿಕ್ಷೆ ಎಂದು ಸಾರಿದವರೂ ಇದ್ದರು. ಸತ್ತವರ ಮನೆಯವರು ಆ ಮಾತನ್ನು ಕೇಳಿ ಏನೆಂದುಕೊಂಡರೋ! ನಿಷ್ಠೆ ಎಲ್ಲಿ ಮುಗಿಯುತ್ತದೆ, ಕ್ರೌರ್ಯ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ತಿಳಿಯಲು ಇಂಥ ಕಡೆ ನಿಂತು ನೋಡಬೇಕು.

ಈ ಆಚರಣೆ ಕೊನೆಯದಾಗಿ ಗಟ್ಟಿಯಾಗಿ ಉಳಿದಿರುವುದು ವಾಯವ್ಯದ ಲೂಯಿಸ್ ದ್ವೀಪದಲ್ಲಿ ಎಂದು ನೆರೆಮನೆಯಾಕೆ ಹೇಳಿದರು. ಆ ಹೆಸರು ಕೇಳಿದೊಡನೆ ನನ್ನ ಕಿವಿ ನೆಟ್ಟಗಾಯಿತು. ಟಿಪ್ಪುವಿನ ಪತನದ ತರುವಾಯ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಹಾಕಿದ ಕರ್ನಲ್ ಕಾಲಿನ್ ಮೆಕೆಂಜಿ ಹುಟ್ಟಿದ್ದು ಅಲ್ಲಿಯ ಸ್ಟಾರ್ನೊವೇ ಪಟ್ಟಣದಲ್ಲಿ. ನೋಡಲೇಬೇಕೆಂದು ಹಟ ಹಿಡಿದೆ. ಮಗಳು ಒಂದು ವಾರಾಂತ್ಯ ಬಿಡುವು ಮಾಡಿಕೊಂಡಳು. ಅಲಪೂಲ್ ಎಂಬಲ್ಲಿಂದ ಹಡಗಿನಲ್ಲಿ ಎರಡೂಮುಕ್ಕಾಲು ಗಂಟೆಯ ಪ್ರಯಾಣ. ಭಾನುವಾರ ಆ ಹಡಗು ಓಡಲಾರಂಭಿಸಿ ಆಗ ಮೂರು ವರ್ಷವಷ್ಟೇ ಆಗಿತ್ತು. 2009ರ ಜುಲೈ 19ರಂದು ಮೊದಲ ಭಾನುವಾರದ ಹಡಗು ಹೊರಟಾಗ ದಡದಲ್ಲಿ ಚಪ್ಪಾಳೆ ತಟ್ಟಿದವರೂ ಇದ್ದರಂತೆ, ಪ್ರಾರ್ಥನೆ ಮಾಡಿದವರೂ ಇದ್ದರಂತೆ.

ನಾವು ಇಳಿದುಕೊಂಡ ಮನೆಯೊಡತಿ ಶನಿವಾರವೇ, ನಾಳೆ ಅಂಗಡಿಗಳಿರುವುದಿಲ್ಲ, ಬೇಕಾದದ್ದನ್ನು ಈಗಲೇ ತಂದಿಟ್ಟುಕೊಳ್ಳಿ ಎಂದು ತಿಳಿಸಿದ್ದರು. ಭಾನುವಾರ ಬೆಳಿಗ್ಗೆ ನಾನು ಐದಕ್ಕೇ ಎದ್ದೆ. ಸ್ನಾನ ಮಾಡಿ, ಐವತ್ತು ವರ್ಷದ ಅಭ್ಯಾಸದಂತೆ ಪಂಚೆ, ಟವೆಲ್ಲು ಒಗೆದು, ಹಿತ್ತಲಿನ ತಂತಿಯ ಮೇಲೆ ಹರವಿದೆ. ಸೊಗಸಾದ ಗಾಳಿ, ಬಿಳಿ ಪಂಚೆ ಹಾಯಿಯಂತೆ ಉಬ್ಬಿ ಹಾರಾಡುತ್ತಿತ್ತು. ಸುತ್ತಮುತ್ತಲಿನ ಯಾವ ಹಿತ್ತಲಿನ ತಂತಿಯ ಮೇಲೂ ಒಂದು ಕರವಸ್ತ್ರವಿಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದರೂ ಬುದ್ಧಿಗೆ ಬೀಳಲಿಲ್ಲ. ಮಗಳು ಎದ್ದು ಬಂದವಳೇ "ಅಯ್ಯೋ ಅಪ್ಪ, ಏನು ಮಾಡಿದಿರಿ! ಇಲ್ಲಿ ಭಾನುವಾರ ಬಟ್ಟೆ ಒಣಗಿಸುವುದಿಲ್ಲ" ಎಂದಳು. ಅಷ್ಟರಲ್ಲಿ ಮನೆಯೊಡತಿ ಹಿತ್ತಲಿನ ಬಾಗಿಲಿನಲ್ಲಿ ನಿಂತಿದ್ದರು. ಕಪ್ಪು ಕೋಟು, ಟೋಪಿ, ಕೈಯಲ್ಲಿ ಬೈಬಲ್. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ನನ್ನ ಪಂಚೆ ಕಾಣುತ್ತಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಆಕೆ, "ನಿಮಗೆ ಹೇಗೆ ಗೊತ್ತಾಗಬೇಕು? ನಾನು ನಿನ್ನೆಯೇ ಹೇಳಬೇಕಾಗಿತ್ತು, ತಪ್ಪು ನನ್ನದು" ಎಂದರು. ತಾವೇ ಬಟ್ಟೆಗಳನ್ನು ತೆಗೆದು, ಮಡಿಸಿ, ಬಚ್ಚಲುಮನೆಯ ಕಂಬಿಯ ಮೇಲೆ ಹಾಕಿದರು. ಆಮೇಲೆ, ಆರಾಧನೆಗೆ ಬರಲು ಇಷ್ಟವಿದ್ದರೆ ಬರಬಹುದು, ಇಲ್ಲದಿದ್ದರೂ ಸಂಕೋಚ ಬೇಡ ಎಂದರು.

ನಾನು ಹೋದೆ. ವಿಗ್ರಹವಿಲ್ಲ, ಬಣ್ಣವಿಲ್ಲ, ದೀಪವಿಲ್ಲ, ವಾದ್ಯವಿಲ್ಲ. ಬೋಳು ಗೋಡೆ, ಮರದ ಬೆಂಚು. ಒಬ್ಬ ಹಿರಿಯರು ಕುಳಿತಲ್ಲಿಯೇ ಗೇಲಿಕ್ ಭಾಷೆಯ ಕೀರ್ತನೆಯ ಒಂದು ಸಾಲನ್ನು ಎತ್ತಿಕೊಂಡರು. ಹಿಂದೆಯೇ ಸಭೆಯೆಲ್ಲ ಆ ಸಾಲನ್ನು ಹಿಡಿಯಿತು. ಒಬ್ಬೊಬ್ಬರೂ ತಮಗೆ ತೋಚಿದಂತೆ ಗಮಕ ಹಾಕಿ, ಹಿಂದೆಮುಂದೆಯಾಗಿ, ನಿಧಾನವಾಗಿ ಹಾಡುತ್ತಾರೆ. ಸ್ವರಗಳು ಒಂದರ ಮೇಲೊಂದು ಅಲೆಯಾಗಿ ಬಂದು ಬಡಿಯುತ್ತವೆ. ಪುಸ್ತಕಗಳೂ ಅಕ್ಷರ ಬಲ್ಲವರೂ ವಿರಳವಾಗಿದ್ದ ಹದಿನೇಳನೆಯ ಶತಮಾನದಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಾಡುವ ಈ ಕ್ರಮ ನೆಲೆಗೊಂಡಿತಂತೆ. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಕೇಳುತ್ತ ಕುಳಿತವನಿಗೆ, ಏಕೋ, ಇಪ್ಪತ್ತೈದು ವರ್ಷ ಹಿಂದಿನ ಒಬ್ಬ ಹುಡುಗನ ಮುಖ ಎದುರಿಗೆ ಬಂದು ನಿಂತಿತು.

ಇನ್ನು ಬರೆಯಬೇಕಾದದ್ದು ಆ ಹುಡುಗನ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಇಲ್ಲಿಗೆ ತಲುಪಲು ಹಿಂಜರಿದು ಎಂದು ನಿಮ್ಮಲ್ಲಿ ಚುರುಕಾದವರು ಆಗಲೇ ಊಹಿಸಿರುತ್ತೀರಿ.

1987ರಲ್ಲಿ ನಾನು ಹತ್ತನೆಯ ತರಗತಿಯ ಮಕ್ಕಳಿಗೆ ಭಾನುವಾರಗಳಲ್ಲಿ ವಿಶೇಷ ತರಗತಿ ನಡೆಸುತ್ತಿದ್ದೆ. ಬಿಡಿಗಾಸು ಪಡೆಯದೆ ನಡೆಸುತ್ತಿದ್ದೇನೆಂಬ ಹೆಮ್ಮೆ ಬೇರೆ. ಎಲ್ಲರೂ ಬರುತ್ತಿದ್ದರು, ಒಬ್ಬನ ಹೊರತು. ಪ್ರಾಟೆಸ್ಟೆಂಟ್ ಕ್ರೈಸ್ತರ ಮನೆಯ ಹುಡುಗ. ಇಂಗ್ಲಿಷಿನಲ್ಲಿ ಇಡೀ ಶಾಲೆಗೆ ಮೊದಲಿಗ. ಕರೆದು ಕೇಳಿದೆ. "ಸಾರ್, ನಮ್ಮ ಮನೆಯಲ್ಲಿ ಭಾನುವಾರ ಬೇರೆ ಕೆಲಸ ಮಾಡುವುದಿಲ್ಲ" ಎಂದ. ಆರಾಧನೆ ಎಷ್ಟು ಹೊತ್ತು ಎಂದೆ. ಎರಡು ಗಂಟೆ ಎಂದ. "ಹಾಗಾದರೆ ಮಧ್ಯಾಹ್ನ ಬಾ. ದೇವರಿಗೆ ಎರಡು ಗಂಟೆ ಸಾಲದೇನು?" ಎಂದೆ. ತರಗತಿ ನಕ್ಕಿತು. ಅವನು ತಲೆ ತಗ್ಗಿಸಿದ, ಆದರೆ ಬರಲಿಲ್ಲ. ಮುಂದಿನ ಸೋಮವಾರ ಅವನನ್ನು ಬಾಗಿಲಿನ ಹೊರಗೆ ನಿಲ್ಲಿಸಿದೆ. ಅದರ ಮುಂದಿನ ಸೋಮವಾರವೂ ನಿಲ್ಲಿಸಿದೆ. ಸ್ಕಾಟರ ಪಶ್ಚಾತ್ತಾಪದ ಪೀಠದ ಬಗ್ಗೆ ಓದಿದಾಗ ನನಗೆ ನಗು ಬರಲಿಲ್ಲ. ಅಂಥದೊಂದನ್ನು ನಾನೇ ನನ್ನ ತರಗತಿಯ ಹೊಸ್ತಿಲಾಚೆ ಇಟ್ಟಿದ್ದೆ.

ಅದೇ ತರಗತಿಯಲ್ಲಿ, ಅದೇ ವರ್ಷ, ಅಯ್ಯಪ್ಪನ ಮಾಲೆ ಹಾಕಿದ್ದ ಇಬ್ಬರು ಹುಡುಗರು ಸಮವಸ್ತ್ರ ಬಿಟ್ಟು ಕಪ್ಪು ಬಟ್ಟೆಯಲ್ಲಿ, ಬರಿಗಾಲಿನಲ್ಲಿ ಬರುತ್ತಿದ್ದರು. ಅವರಿಗೆ ನಾನು ಚಕಾರವೆತ್ತಲಿಲ್ಲ. ಹಾಗೆ ಎತ್ತಬೇಕೆಂದು ನನಗೆ ಹೊಳೆಯಲೂ ಇಲ್ಲ. ಅವರದು ವ್ರತ, ಇವನದು ಮೊಂಡುತನ.

ವರ್ಷದ ಕೊನೆಗೆ ಇಂಗ್ಲಿಷಿನಲ್ಲಿ ಉತ್ತಮ ವಿದ್ಯಾರ್ಥಿಗೆ ದಾನಿಯೊಬ್ಬರು ಕೊಡುವ ಬೆಳ್ಳಿಯ ಪದಕಕ್ಕೆ ಹೆಸರು ಸೂಚಿಸಬೇಕಾಗಿತ್ತು. ನಾನು ಬೇರೊಬ್ಬನ ಹೆಸರು ಬರೆದೆ. ಮುಖ್ಯೋಪಾಧ್ಯಾಯರು ಹುಬ್ಬೇರಿಸಿದಾಗ, "ಹಾಜರಿ ಸಾಲದು" ಎಂದೆ. ಹಾಜರಿ ಪುಸ್ತಕದಲ್ಲಿ ಭಾನುವಾರಕ್ಕೆ ಗುರುತು ಹಾಕುವುದಿಲ್ಲ; ಆ ಚೌಕಗಳಲ್ಲಿ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದಿರುತ್ತೇವೆ. ಉಳಿದ ಆರು ದಿನಗಳಲ್ಲಿ ಆ ಹುಡುಗ ಒಂದು ದಿನವೂ ತಪ್ಪಿಸಿರಲಿಲ್ಲ. ಪದಕ ಪಡೆದವನಿಗೂ ಈ ವಿಷಯ ತಿಳಿಯದು, ಅವನದೇನೂ ತಪ್ಪಿಲ್ಲ.

ಈ ಪಶ್ಚಾತ್ತಾಪವನ್ನು ಅಬರ್ಡೀನಿಗೆ ಮರಳಿದ ಮೇಲೆ ಮಗಳಿಗೆ ಹೇಳಿಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಿಕ್ ಲಿಡೆಲ್‌ನ ಪುಸ್ತಕ ತಂದುಕೊಟ್ಟಳು. 'ಚಾರಿಯಟ್ಸ್ ಆಫ್ ಫೈರ್' ಚಿತ್ರ ನೋಡಿದವರಿಗೆ ಅವನ ಪರಿಚಯವಿರುತ್ತದೆ. ಸ್ಕಾಟ್ ಮಿಷನರಿಗಳ ಮಗ, 1902ರಲ್ಲಿ ಚೀನಾದಲ್ಲಿ ಹುಟ್ಟಿದವನು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನೂರು ಮೀಟರಿನ ಪ್ರಾಥಮಿಕ ಓಟ ಭಾನುವಾರ ಬಿದ್ದದ್ದರಿಂದ ತನ್ನ ಬಲವಾದ ಸ್ಪರ್ಧೆಯನ್ನೇ ಬಿಟ್ಟುಕೊಟ್ಟ. ನಾನೂರು ಮೀಟರಿನಲ್ಲಿ ಓಡಿ 47.6 ಸೆಕೆಂಡುಗಳಲ್ಲಿ ಚಿನ್ನ ಗೆದ್ದ. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಗೊತ್ತಿಲ್ಲದ ಸಂಗತಿಯೊಂದು ಆಮೇಲಿನದು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅವನನ್ನು ಚೀನಾದ ವೈಶಿಯನ್ ಎಂಬಲ್ಲಿನ ಶಿಬಿರದಲ್ಲಿ ಬಂಧಿಸಿಟ್ಟಿದ್ದರು. ಅಲ್ಲಿನ ಮಕ್ಕಳಿಗೆ ಅವನೇ ಆಟದ ಮೇಷ್ಟ್ರು, ಪಾಠದ ಮೇಷ್ಟ್ರು. ಭಾನುವಾರ ಮಾತ್ರ ಆಟವಿಲ್ಲ. ಬೇಸತ್ತ ಮಕ್ಕಳು ಒಂದು ಭಾನುವಾರ ತಾವೇ ಹಾಕಿ ಆಡಲು ಹೋಗಿ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್ ತಾನೇ ಸೀಟಿ ಹಿಡಿದು ಮೈದಾನದಲ್ಲಿದ್ದನೆಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಒಲಿಂಪಿಕ್ಸಿಗಾಗಿ ಬಿಡದ ಭಾನುವಾರವನ್ನು ಮಕ್ಕಳಿಗಾಗಿ ಬಿಟ್ಟ. 1945ರ ಫೆಬ್ರವರಿಯಲ್ಲಿ, ಬಿಡುಗಡೆಗೆ ಕೆಲವೇ ತಿಂಗಳಿರುವಾಗ, ಮಿದುಳಿನ ಗೆಡ್ಡೆಯಿಂದ ಅದೇ ಶಿಬಿರದಲ್ಲಿ ತೀರಿಕೊಂಡ.

ಆ ಪುಟ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಹಿಡಿದವನು ತೀರ್ಮಾನಿಸಬೇಕಾದದ್ದು. ನಾನಾದರೋ ಇನ್ನೊಬ್ಬನ ಕೈಯನ್ನು ಬಲವಂತದಿಂದ ಬಿಡಿಸಲು ಹೋಗಿದ್ದೆ, ಅದೂ ಹದಿನೈದು ವರ್ಷದ ಹುಡುಗನ ಕೈ.

ಲೂಯಿಸಿನ ಭಾನುವಾರವೂ ಈಗ ಮೊದಲಿನಂತಿಲ್ಲ. ಸ್ಟಾರ್ನೊವೇಯ ದೊಡ್ಡ ಸೂಪರ್‌ಮಾರ್ಕೆಟ್ಟೊಂದು 2024ರ ನವೆಂಬರಿನಿಂದ ಭಾನುವಾರವೂ ತೆರೆಯುತ್ತಿದೆ. ಬೇಡವೆಂದು ಸಹಿ ಹಾಕಿದವರೂ ಬೇಕೆಂದವರೂ ಸಾವಿರಗಟ್ಟಲೆ ಇದ್ದರಂತೆ. ನೆರೆಮನೆಯ ಆ ಹಿರಿಯಾಕೆ ತೀರಿಕೊಂಡು ವರ್ಷಗಳಾದವು. ಮಗಳೂ ಬೇರೆ ಊರಿಗೆ ಹೋದಳು.

ಕಳೆದ ತಿಂಗಳು 1988ರ ತಂಡದವರು ನನ್ನನ್ನು ನೋಡಲು ಮನೆಗೆ ಬಂದಿದ್ದರು. ಅವನು ಬಂದಿರಲಿಲ್ಲ. ವಿಚಾರಿಸಿದೆ. ಮಂಗಳೂರಿನಲ್ಲಿದ್ದಾನೆ, ಅವನೂ ಮೇಷ್ಟ್ರೇ, ಇಂಗ್ಲಿಷೇ ಹೇಳಿಕೊಡುತ್ತಾನೆ ಎಂದರು. ಅವರಲ್ಲೊಬ್ಬಳು ಮೊನ್ನೆ ಶುಕ್ರವಾರ ಅವನ ಫೋನ್ ನಂಬರು ಕಳುಹಿಸಿದಳು. ಶನಿವಾರವೆಲ್ಲ ಅದನ್ನು ಮುಂದಿಟ್ಟುಕೊಂಡು ಕುಳಿತಿದ್ದೆ, ಧೈರ್ಯ ಬರಲಿಲ್ಲ. ಇಂದು ಬೆಳಿಗ್ಗೆ ಧೈರ್ಯ ಮಾಡಿ ಫೋನ್ ಕೈಗೆತ್ತಿಕೊಂಡೆ. ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿ ಕೆಳಗಿಟ್ಟೆ. ಇಂದು ಭಾನುವಾರ. ನಾಳೆ, ಅವನು ಶಾಲೆಗೆ ಹೊರಡುವ ಮೊದಲು, ಎಂಟು ಗಂಟೆಗೆ ಮಾತನಾಡುತ್ತೇನೆ.